ಕುಕ್ಕರೋ, ಒಟಿಜಿಯೋ, ಮೈಕ್ರೋವೇವೋ? ಹಾಸನ–ಚಿಕ್ಕಮಗಳೂರಿನ ಅಡುಗೆಮನೆಗೆ ಹೊಂದುವ ಓವನ್

“ಹತ್ತು ಸಾವಿರದೊಳಗೆ ಒಳ್ಳೆಯ ಓವನ್ ಯಾವುದು?” ಎಂಬ ಪ್ರಶ್ನೆ ಕ್ರಿಸ್‌ಮಸ್ ಸಮೀಪಿಸಿದಂತೆ ಹೆಚ್ಚಾಗುತ್ತದೆ. ಕೇಳುವವರು ಮಾತ್ರ ಒಂದೇ ಬಗೆಯವರಲ್ಲ. ಹಾಸನದ ಬಾಡಿಗೆ ಮನೆಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ಮಾಡಬೇಕೆಂದುಕೊಂಡವರಿದ್ದಾರೆ. ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿದ್ದು, ಪೇಟೆಯಿಂದ ತಂದ ಬ್ರೆಡ್ಡು ಮಳೆಗಾಲದಲ್ಲಿ ಮೂರನೇ ದಿನಕ್ಕೆ ಬೂಸ್ಟು ಹಿಡಿಯುವುದನ್ನು ನೋಡಿ ಬೇಸತ್ತವರಿದ್ದಾರೆ. ನಾಲ್ಕು ಆರ್ಡರ್ ಹಿಡಿದು ಮನೆಯಿಂದಲೇ ಮಾರಲು ಹೊರಟವರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಪೆಟ್ಟಿಗೆಯನ್ನು ತೋರಿಸುವುದು ಅಂಗಡಿಯವರಿಂದ ಮಾತ್ರ ಸಾಧ್ಯ.

ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮಹಾನಗರದ ಅಪಾರ್ಟ್‌ಮೆಂಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿ ಕರೆಂಟು ಹೋದರೆ ಜನರೇಟರ್ ತಾನಾಗಿ ಶುರುವಾಗುತ್ತದೆ. ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕತ್ತಲೆಯಲ್ಲಿ ಕೂರುವ ಕೊಟ್ಟಿಗೆಹಾರದ ಮನೆಗೆ ಆ ಸಲಹೆ ಹೊಂದುವುದಿಲ್ಲ. ಆದ್ದರಿಂದ ಓವನ್‌ಗಳ ಹೆಸರು ಹೇಳುವ ಮೊದಲು ಯಾವುದನ್ನು ನೋಡಿ ಅಳೆಯಬೇಕು ಎಂಬುದನ್ನು ಹೇಳಿಬಿಡುತ್ತೇನೆ.

ಮೊದಲ ಪ್ರಶ್ನೆ: ಬ್ರೆಡ್ಡೋ, ಕೇಕೋ?

ಹಣಕ್ಕಿಂತ ಮೊದಲು ಇದನ್ನು ತೀರ್ಮಾನಿಸಬೇಕು. ಎರಡೂ ಬೇಕರಿ ತಿಂಡಿಗಳೇ ಆದರೂ ಬಿಸಿಯ ವಿಚಾರದಲ್ಲಿ ಇವುಗಳ ಸ್ವಭಾವ ಬೇರೆ.

ಕೇಕ್ ಬೇಯುವುದು 160ರಿಂದ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ಉಬ್ಬಿಸುವ ಕೆಲಸವನ್ನು ಬೇಕಿಂಗ್ ಪೌಡರ್ ಮತ್ತು ಸೋಡಾ ನೋಡಿಕೊಳ್ಳುತ್ತವೆ. ಸಕ್ಕರೆ, ಬೆಣ್ಣೆ, ಮೊಟ್ಟೆ ಅಥವಾ ಮೊಸರು ಮೃದುತನ ಕೊಡುತ್ತವೆ. ಬಿಸಿ ಹತ್ತು ಡಿಗ್ರಿ ಅತ್ತಿತ್ತಾದರೂ ಕೇಕ್ ಸಹಿಸಿಕೊಳ್ಳುತ್ತದೆ. ಮೇಲ್ಭಾಗ ಕೆಂಪಗಾಗದಿದ್ದರೂ ಕ್ರೀಮ್ ಹಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ.

ಬ್ರೆಡ್ಡಿಗೆ ಇಷ್ಟು ಸೈರಣೆ ಇಲ್ಲ. ಅದಕ್ಕೆ 200ರಿಂದ 220 ಡಿಗ್ರಿ ಬಿಸಿ ಬೇಕು, ಅದೂ ಒಳಗಿಟ್ಟ ಕ್ಷಣದಿಂದಲೇ. ಹಿಟ್ಟಿನೊಳಗಿನ ಯೀಸ್ಟ್ ಸುಮಾರು 60 ಡಿಗ್ರಿಗೆ ಸತ್ತುಹೋಗುತ್ತದೆ. ಸಾಯುವ ಮುಂಚಿನ ಆ ಕೆಲವು ನಿಮಿಷಗಳಲ್ಲಿ ಅದು ಕೊನೆಯ ಬಾರಿ ಜೋರಾಗಿ ಗಾಳಿ ತುಂಬುತ್ತದೆ, ಹಿಟ್ಟು ಟಿನ್ನಿನ ಅಂಚು ದಾಟಿ ಏಳುತ್ತದೆ. ಒಲೆ ಮಂದವಾಗಿದ್ದರೆ ಈ ಏರಿಕೆ ಅರ್ಧಕ್ಕೇ ನಿಲ್ಲುತ್ತದೆ. ಮೇಲ್ಪದರ ಕೆಂಪಾಗುವಷ್ಟರಲ್ಲಿ ಒಳಗಿನ ತೇವವೆಲ್ಲ ಹಾರಿ, ಕತ್ತರಿಸಿದರೆ ಪುಡಿ ಉದುರುತ್ತದೆ. “ನಮ್ಮ ಮನೆಯ ಬ್ರೆಡ್ಡು ಏಕೆ ರಸ್ಕಿನಂತಾಗುತ್ತದೆ?” ಎಂದು ಕೇಳುವವರು ಸಾಮಾನ್ಯವಾಗಿ ಮೈದಾವನ್ನು ದೂರುತ್ತಾರೆ, ಯೀಸ್ಟನ್ನು ದೂರುತ್ತಾರೆ. ಬಹಳಷ್ಟು ಸಲ ತಪ್ಪು ಒಲೆಯದು.

ನಮ್ಮ ಜಿಲ್ಲೆಗಳಲ್ಲಿ ಬ್ರೆಡ್ ಎಂದಾಗ ಮನಸ್ಸಿಗೆ ಬರುವುದು ಬರೀ ಸ್ಲೈಸ್ ಬ್ರೆಡ್ಡಲ್ಲ. ಬೆಂಗಳೂರಿನ ಬೀದಿಬೀದಿಗಳಲ್ಲಿ ಅಯ್ಯಂಗಾರ್ ಬೇಕರಿ ನಡೆಸುವ ಎಷ್ಟೋ ಕುಟುಂಬಗಳ ಮೂಲ ಹಾಸನ ಜಿಲ್ಲೆ. ಹಸಿಮೆಣಸು, ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿದ ಖಾರ ಬನ್ನು ಮನೆಯಲ್ಲೂ ಹಾಗೆಯೇ ಬರಬೇಕೆಂಬ ಆಸೆ ಇಲ್ಲಿಯವರಿಗೆ ಸಹಜ. ಬನ್ನು ಚಿಕ್ಕದಾದ್ದರಿಂದ ಬೇಗ ಬೇಯುತ್ತದೆ, ಬ್ರೆಡ್ಡಿಗಿಂತ ತುಸು ಕಡಿಮೆ ಬಿಸಿಯಲ್ಲೂ ನಡೆಯುತ್ತದೆ. ಆದರೆ ಅದರ ಹೊಳೆಯುವ ಕಂದು ಬೆನ್ನಿಗೆ ಮೇಲಿನಿಂದಲೂ ಶಾಖ ಬೀಳಲೇಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಕುಕ್ಕರಿನ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಎರಡನೆಯದು ಕರೆಂಟು

ಚಿಕ್ಕಮಗಳೂರಿಗೆ ಕರೆಂಟು ಕೊಡುವ ಕಂಪನಿ ಮೆಸ್ಕಾಂ, ಹಾಸನಕ್ಕೆ ಸೆಸ್ಕ್. ಯಾರದೇ ಆದರೂ ಲೈನಿನ ಕೊನೆಯ ಮನೆಯ ಕಥೆ ಒಂದೇ. ನಿಮ್ಮ ಮನೆಯಲ್ಲಿ ಸಂಜೆ ಬಲ್ಬು ಮಂಕಾಗುತ್ತದೆಯೇ, ಮಿಕ್ಸಿ ಗೊರಗುಟ್ಟುತ್ತದೆಯೇ ಎಂದು ಮೊದಲು ಗಮನಿಸಿ. ಕಾಯಿಸುವ ರಾಡಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆಂದು ಮಾಡಿದ 1500 ವಾಟಿನ ಓವನ್‌ಗೆ 180 ವೋಲ್ಟ್ ಮಾತ್ರ ಸಿಕ್ಕರೆ ಅದು ಕೊಡುವುದು ಸುಮಾರು 920 ವಾಟ್. ವೋಲ್ಟೇಜು ಶೇ 22ರಷ್ಟು ಬಿದ್ದರೆ ಬಿಸಿ ಶೇ 39ರಷ್ಟು ಬೀಳುತ್ತದೆ. ಅಂಥ ಮನೆಯಲ್ಲಿ ಸಂಜೆ ಏಳು ಗಂಟೆಗೆ ಬ್ರೆಡ್ ಬೇಯಿಸಲು ಹೊರಡುವುದೇ ತಪ್ಪು. ಬೆಳಗಿನ ಜಾವಕ್ಕೋ ಮಧ್ಯಾಹ್ನಕ್ಕೋ ಇಟ್ಟುಕೊಳ್ಳಬೇಕು.

ಯುಪಿಎಸ್ ಇದೆಯಲ್ಲ ಎನ್ನುತ್ತೀರಿ. ಮನೆಗಳಲ್ಲಿರುವ ಒಂದು ಬ್ಯಾಟರಿಯ ಯುಪಿಎಸ್ ಸಾಮಾನ್ಯವಾಗಿ 900–1100 ವಿಎ ಸಾಮರ್ಥ್ಯದ್ದು. ಅದು ಲೈಟು, ಫ್ಯಾನು, ಟಿವಿಗೆ ಸಾಕು. ಓವನ್ನಿನ ರಾಡಿನ ಭಾರ ಹೊರುವುದಿಲ್ಲ.

ಇನ್ನು ಪ್ಲಗ್ಗು. 2000 ವಾಟಿನ ಓವನ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸಿದರೆ ಸಾಕೆಟ್ಟು ಕರಗುವ ಸಂಭವವಿದೆ. ಗೀಸರಿಗೆ ಇರುವಂಥ 16 ಆಂಪಿಯರ್ ಪಾಯಿಂಟು, ಸರಿಯಾದ ಅರ್ತಿಂಗ್ ಬೇಕೇ ಬೇಕು. ಹಳೆಯ ಹೆಂಚಿನ ಮನೆಗಳಲ್ಲಿ ಅಡುಗೆಮನೆಗೆ ಇಂಥ ಲೈನು ಎಳೆದೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಖರ್ಚನ್ನು ಓವನ್ನಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ.

ಗೃಹಜ್ಯೋತಿ ಫಲಾನುಭವಿಗಳಿಗೆ ಇನ್ನೊಂದು ಲೆಕ್ಕವಿದೆ. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸಾಮಾನ್ಯವಾಗಿ ಉಚಿತವಾಗಿ ಸಿಗುವುದು ನಿಮ್ಮ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಒಂದು ಕೇಕಿಗೆ ಕಾಯಿಸುವ ಸಮಯವೂ ಸೇರಿ ಹೆಚ್ಚುಕಡಿಮೆ ಒಂದು ಯೂನಿಟ್ ಎಂದಿಟ್ಟುಕೊಳ್ಳಿ. ಸರಾಸರಿ 80 ಯೂನಿಟ್ ಬಳಸುವ ಮನೆಗೆ ಸಿಗುವ ಹೆಚ್ಚುವರಿ ಎಂಟೇ ಯೂನಿಟ್. ವಾರಕ್ಕೆ ಎರಡು ಸಲ ಓವನ್ ಹಚ್ಚಿದರೆ ಅಷ್ಟೂ ಅದಕ್ಕೇ ಹೋಗುತ್ತದೆ. ಹಾಗೆಂದು ಹೆದರಬೇಕಿಲ್ಲ, ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ ಕಟ್ಟಿದರಾಯಿತು. 190ರ ಅಂಚಿನಲ್ಲಿರುವವರು ಮಾತ್ರ ಎಚ್ಚರದಿಂದಿರಬೇಕು.

ಉಳಿದ ಮಾನದಂಡಗಳು ಸುಲಭದವು: ವಾರಕ್ಕೆಷ್ಟು ಸಲ ಬಳಸುತ್ತೀರಿ, ಒಂದು ಸಲಕ್ಕೆ ಎಷ್ಟು ಜನಕ್ಕೆ, ಕೆಟ್ಟರೆ ರಿಪೇರಿ ಮಾಡುವವರು ಎಲ್ಲಿದ್ದಾರೆ. ಕೊನೆಯದನ್ನು ಯಾರೂ ಕೇಳುವುದಿಲ್ಲ, ಕೆಟ್ಟ ಮೇಲೆ ಎಲ್ಲರೂ ಕೇಳುತ್ತಾರೆ.

ಕುಕ್ಕರ್: ಖರ್ಚಿಲ್ಲದ ದಾರಿ

ಕೇಕ್ ಮಾತ್ರ ಸಾಕು, ತಿಂಗಳಿಗೊಂದೋ ಎರಡೋ ಎನ್ನುವವರು ಅಂಗಡಿಗೆ ಹೋಗುವುದೇ ಬೇಡ. ಐದು ಲೀಟರಿಗೆ ಕಡಿಮೆಯಿಲ್ಲದ ಹಳೆಯ ಅಲ್ಯೂಮಿನಿಯಂ ಕುಕ್ಕರ್ ಇದ್ದರೆ ಸಾಕು. ಗ್ಯಾಸ್ಕೆಟ್ಟನ್ನೂ ವೆಯಿಟ್ಟನ್ನೂ ತೆಗೆದಿಡಿ. ಇದು ಐಚ್ಛಿಕವಲ್ಲ, ಸುರಕ್ಷತೆಯ ಮಾತು. ತಳಕ್ಕೆ ಒಂದೂವರೆ ಲೋಟ ಕಲ್ಲುಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಟಿನ್ ಇಳಿಸಿ, ಉರಿ ಸಣ್ಣದು ಮಾಡಿ ನಲವತ್ತರಿಂದ ಐವತ್ತು ನಿಮಿಷ ಬಿಡಿ. ಟಿನ್ನಿನ ಸುತ್ತ ಎರಡು ಬೆರಳಿನಷ್ಟು ಜಾಗವಿರಬೇಕು, ಇಲ್ಲದಿದ್ದರೆ ಬಿಸಿ ಮೇಲಕ್ಕೆ ತಿರುಗುವುದಿಲ್ಲ. ಉಪ್ಪು ಎಸೆಯಬೇಡಿ; ಡಬ್ಬಿಯಲ್ಲಿಟ್ಟರೆ ಮುಂದಿನ ಕೇಕಿಗೂ ಅದೇ ನಡೆಯುತ್ತದೆ. ಸಣ್ಣ ಉರಿಯಾದ್ದರಿಂದ ಗ್ಯಾಸ್ ನೂರು ಗ್ರಾಮಿನ ಒಳಗೇ ಮುಗಿಯುತ್ತದೆ. 14.2 ಕೆ.ಜಿ. ಸಿಲಿಂಡರಿನಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟು.

ಇದರ ದೊಡ್ಡ ಗುಣ ಕರೆಂಟಿನ ಹಂಗಿಲ್ಲದಿರುವುದು. ದೋಷವೆಂದರೆ ಶಾಖವೆಲ್ಲ ಕೆಳಗಿನಿಂದ. ತಳ ದಪ್ಪಗೆ ಕೆಂಪಾದರೂ ಮೇಲ್ಭಾಗ ಬಿಳಿಚಿಕೊಂಡೇ ಇರುತ್ತದೆ. ಬಾಳೆಹಣ್ಣಿನ ಕೇಕು, ಬೆಲ್ಲದ ಕೇಕು, ಡಿಕಾಕ್ಷನ್ ಹಾಕಿದ ಕಾಫಿ ಕೇಕು ಮೊದಲೇ ಕಂದು ಬಣ್ಣದವಾದ್ದರಿಂದ ಇದು ಗೊತ್ತಾಗುವುದಿಲ್ಲ. ವೆನಿಲಾ ಸ್ಪಂಜು ಮಾಡಿದರೆ ಗೊತ್ತಾಗುತ್ತದೆ. ಬನ್ನುಗಳನ್ನೂ ಮಾಡಬಹುದು, ಮೃದುವಾಗಿಯೇ ಬರುತ್ತವೆ. ಬೆನ್ನು ಕೆಂಪಾಗಬೇಕೆಂದರೆ ಕೊನೆಯಲ್ಲಿ ಬೆಣ್ಣೆ ಸವರಿ ಕಾದ ಕಾವಲಿಯ ಮೇಲೆ ಮಗುಚಿ ಹಾಕಬೇಕು. ಪೂರ್ತಿ ಬ್ರೆಡ್ಡು ಮಾಡಿ ನೋಡಿ ಎಂದು ನಾನು ಹೇಳುವುದಿಲ್ಲ. ಆಗುತ್ತದೆ, ತಿನ್ನಬಹುದು, ಅಷ್ಟೇ.

ಒಂದು ಎಚ್ಚರಿಕೆ. ನೀರಿಲ್ಲದೆ ಕಾಯಿಸಿದ ಕುಕ್ಕರಿನ ತಳ ಕಾಲಕ್ರಮೇಣ ಸೊಟ್ಟಗಾಗಬಹುದು, ಕಂಪನಿಗಳೂ ಇದನ್ನು ಒಪ್ಪುವುದಿಲ್ಲ. ಅನ್ನ ಮಾಡುವ ಕುಕ್ಕರನ್ನು ಇದಕ್ಕೆ ಬಳಸದೆ, ಬೇರೆಯದನ್ನು ಮೀಸಲಿಡಿ. ದಪ್ಪ ತಳದ, ಗಟ್ಟಿಯಾಗಿ ಮುಚ್ಚುವ ಯಾವ ಪಾತ್ರೆಯಾದರೂ ಸರಿ.

ಅಜ್ಜಿಯ ಕಾಲದ, ಮುಚ್ಚಳದಲ್ಲಿ ಗಾಜಿನ ಕಿಂಡಿಯಿರುವ ದುಂಡನೆಯ ಅಲ್ಯೂಮಿನಿಯಂ ಕರೆಂಟ್ ಓವನ್ ಕೆಲವರ ಅಟ್ಟದ ಮೇಲೆ ಇನ್ನೂ ಇದೆ. ಅದಕ್ಕೆ ಕರೆಂಟೂ ಬೇಕು, ಬಿಸಿಯ ನಿಯಂತ್ರಣವೂ ಇಲ್ಲ. ಅಟ್ಟದ ಮೇಲೆಯೇ ಇರಲಿ.

ಒಟಿಜಿ: ಬ್ರೆಡ್ಡಿಗೆ ಇದಕ್ಕಿಂತ ಸರಳ ಉತ್ತರವಿಲ್ಲ

ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಸೇರಿದ ಈ ಪೆಟ್ಟಿಗೆಯೊಳಗೆ ಮೇಲೆರಡು, ಕೆಳಗೆರಡು ರಾಡುಗಳಿರುತ್ತವೆ, ಮುಂದೆ ಗಾಜಿನ ಬಾಗಿಲು, ಬದಿಗೆ ಮೂರು ತಿರುಗುಗುಂಡಿ. ಸಾಮಾನ್ಯವಾಗಿ 230–250 ಡಿಗ್ರಿವರೆಗೆ ಏರುತ್ತದೆ. ಮೇಲಿನ ರಾಡು, ಕೆಳಗಿನ ರಾಡು, ಎರಡೂ ಎಂದು ಆರಿಸಿಕೊಳ್ಳಬಹುದು. ಕೇಕಿಗೆ ಕೆಳಗಿನದನ್ನು ಹೆಚ್ಚು ನೆಚ್ಚಿ, ಬ್ರೆಡ್ಡಿಗೆ ಎರಡನ್ನೂ ಹಚ್ಚಿ, ಖಾರ ಬನ್ನಿನ ಬೆನ್ನಿಗೆ ಕೊನೆಯ ಮೂರು ನಿಮಿಷ ಮೇಲಿನದನ್ನು ಮಾತ್ರ ಉಳಿಸಿಕೊಂಡರೆ ಬೇಕರಿಯ ಬಣ್ಣವೇ ಬರುತ್ತದೆ.

ಸರಿಸುಮಾರು ನಾಲ್ಕು ಸಾವಿರದಿಂದ ಹತ್ತು ಸಾವಿರದೊಳಗೆ ಮನೆಗೆ ಬೇಕಾದ ಗಾತ್ರಗಳೆಲ್ಲ ಸಿಗುತ್ತವೆ. ಗಾತ್ರದ ವಿಚಾರದಲ್ಲಿ ಕಂಜೂಸುತನ ಬೇಡ. 9–10 ಲೀಟರಿನದು ಟೋಸ್ಟಿಗೆ ಮಾತ್ರ ಲಾಯಕ್ಕು. ಅದರಲ್ಲಿ ಬ್ರೆಡ್ಡು ಉಬ್ಬಿದರೆ ತಲೆ ರಾಡಿಗೆ ತಾಗಿ ಕರಕಲಾಗುತ್ತದೆ. 18–20 ಲೀಟರಿನಲ್ಲಿ ಅರ್ಧ ಕಿಲೋ ಕೇಕು, ಆರು ಬನ್ನು ಆರಾಮವಾಗಿ ಆಗುತ್ತವೆ. ನಾಲ್ಕೈದು ಜನರ ಮನೆಗೆ, ಬ್ರೆಡ್ಡು ಮಾಡುವ ಉದ್ದೇಶವಿದ್ದರೆ, 28–30 ಲೀಟರ್ ಸರಿಯಾದ ಅಳತೆ. ಅದಕ್ಕಿಂತ ದೊಡ್ಡದು ಕಾಯಲು ಹೆಚ್ಚು ಹೊತ್ತು ಬೇಕು, ಮಂದ ವೋಲ್ಟೇಜಿನ ಮನೆಯಲ್ಲಿ ಇನ್ನೂ ಹೆಚ್ಚು. ಕೋಳಿಯನ್ನು ಕಂಬಿಗೆ ಪೋಣಿಸಿ ತಿರುಗಿಸುವ ಮೋಟಾರಿಗಾಗಿ ಸಸ್ಯಾಹಾರಿಗಳ ಮನೆಯವರೂ ಹೆಚ್ಚು ಹಣ ಕೊಟ್ಟು ಬರುತ್ತಾರೆ! ಒಳಗೆ ಬಿಸಿಗಾಳಿ ಸುತ್ತಿಸುವ ಫ್ಯಾನು ಇರುವ ಮಾದರಿಗೆ ಮಾತ್ರ ಸ್ವಲ್ಪ ಹೆಚ್ಚು ಕೊಡಬಹುದು. ಬೆಣ್ಣೆ ಬಿಸ್ಕತ್ತು ಎರಡು ಟ್ರೇ ಒಟ್ಟಿಗೆ ಇಡುವವರಿಗೆ ಅದು ಉಪಯೋಗ.

ಕರೆಂಟಿನ ಕಣ್ಣಿನಿಂದ ನೋಡಿದರೂ ಇದು ಗಟ್ಟಿ ಪ್ರಾಣಿ. ಗುಂಡಿ ತಿರುಗಿಸುವ ಸಾದಾ ಮಾದರಿಯೊಳಗೆ ಎಲೆಕ್ಟ್ರಾನಿಕ್ ಬೋರ್ಡು ಇಲ್ಲ. ವೋಲ್ಟೇಜು ಕಡಿಮೆಯಾದರೆ ನಿಧಾನವಾಗಿ ಬೇಯಿಸುತ್ತದೆಯೇ ಹೊರತು ಕೆಡುವುದಿಲ್ಲ. ರಾಡು ಸುಟ್ಟರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಮಿಕ್ಸಿ, ಗೀಸರ್ ರಿಪೇರಿ ಮಾಡುವವರೇ ಬದಲಿಸಿಕೊಡುತ್ತಾರೆ, ಅಳತೆಯ ರಾಡು ಸಿಕ್ಕರಾಯಿತು. ಮಧ್ಯದಲ್ಲಿ ಕರೆಂಟು ಹೋದಾಗ ಒಂದು ಸೂಕ್ಷ್ಮವಿದೆ: ಸ್ಪ್ರಿಂಗಿನ ಟೈಮರು ಕರೆಂಟಿಲ್ಲದಿದ್ದರೂ ಟಿಕ್ ಟಿಕ್ ಎಂದು ಓಡುತ್ತಲೇ ಇರುತ್ತದೆ. ಆದ್ದರಿಂದ ಹೋದ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ, ಬಾಗಿಲು ತೆರೆಯಬೇಡಿ. ಕೇಕು ಮೊದಲ ಇಪ್ಪತ್ತು ನಿಮಿಷದೊಳಗಿದ್ದರೆ ನಡುವೆ ಕುಸಿಯುವುದು ಬಹುತೇಕ ಖಚಿತ. ಆ ಹಂತ ದಾಟಿದ್ದರೆ ಕಾದ ಕುಕ್ಕರಿಗೆ ವರ್ಗಾಯಿಸಿ ಮುಗಿಸಬಹುದು.

ದೋಷಗಳೂ ಇವೆ. ಗುಂಡಿಯ ಮೇಲೆ ಬರೆದ ಡಿಗ್ರಿಯನ್ನು ನಂಬಬಾರದು. ಇಪ್ಪತ್ತು ಡಿಗ್ರಿ ಹೆಚ್ಚುಕಡಿಮೆ ತೋರಿಸುವುದು ಸಾಮಾನ್ಯ. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದೂ ಬೇಡವೆಂದರೆ ಸಕ್ಕರೆಯ ಪರೀಕ್ಷೆ ಮಾಡಿ. ಸಕ್ಕರೆ ಕರಗುವುದು 186 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಚಮಚ ಸಕ್ಕರೆಯನ್ನು ತಟ್ಟೆಯಲ್ಲಿಟ್ಟು ಗುಂಡಿಯನ್ನು 175ಕ್ಕೆ ತಿರುಗಿಸಿ. ಕಾಲು ಗಂಟೆಯಲ್ಲಿ ಕರಗಿದರೆ ನಿಮ್ಮ ಓವನ್ ಹೇಳಿದ್ದಕ್ಕಿಂತ ಬಿಸಿ. 190ಕ್ಕೆ ಇಟ್ಟೂ ಕರಗದಿದ್ದರೆ ತಣ್ಣಗಿದೆ ಎಂದರ್ಥ. ಹೊರಮೈ ಮುಟ್ಟಲಾಗದಷ್ಟು ಸುಡುತ್ತದೆ, ಹಾಗಾಗಿ ಗೋಡೆಯಿಂದ ನಾಲ್ಕು ಬೆರಳಿಗೂ ಹೆಚ್ಚು ದೂರವಿಡಿ. ಚಿಕ್ಕ ಮಕ್ಕಳಿದ್ದರೆ ಎತ್ತರದಲ್ಲಿಡಿ.

ಕನ್ವೆಕ್ಷನ್ ಮೈಕ್ರೋವೇವ್: ಎಲ್ಲವನ್ನೂ ಸ್ವಲ್ಪ ಸ್ವಲ್ಪ

ಸಾದಾ ಮೈಕ್ರೋವೇವ್ ಬೇರೆ, ಕನ್ವೆಕ್ಷನ್ ಮೈಕ್ರೋವೇವ್ ಬೇರೆ. ಸಾದಾದರಲ್ಲಿ ಕೇಕು ಐದು ನಿಮಿಷದಲ್ಲಿ ಬೇಯುತ್ತದೆ, ಆದರೆ ಬಣ್ಣವಿಲ್ಲ, ಆರಿದ ಮೇಲೆ ರಬ್ಬರಿನಂತಾಗುತ್ತದೆ. ಬ್ರೆಡ್ಡಿನ ಮಾತೇ ಇಲ್ಲ. ಕನ್ವೆಕ್ಷನ್ ಇರುವುದರಲ್ಲಿ ರಾಡೂ ಫ್ಯಾನೂ ಇರುವುದರಿಂದ ನಿಜವಾದ ಓವನ್ನಿನ ಕೆಲಸವಾಗುತ್ತದೆ. ಬೆಲೆ ಸುಮಾರು ಹನ್ನೊಂದು ಸಾವಿರದಿಂದ ಇಪ್ಪತ್ತು ಸಾವಿರ.

ಅನ್ನ ಸಾರು ಬಿಸಿ ಮಾಡುವುದು, ಹಾಲು ಕಾಯಿಸುವುದು ದಿನಕ್ಕೆ ಹತ್ತು ಸಲ ಇರುವ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಪೇಟೆಯ ಮನೆಗೆ ಇದು ಹೊಂದುತ್ತದೆ. ಒಂದೇ ಪೆಟ್ಟಿಗೆ, ಒಂದೇ ಜಾಗ. ಕೇಕು ಇದರಲ್ಲಿ ಚೆನ್ನಾಗಿಯೇ ಬರುತ್ತದೆ. ಪಾಕವಿಧಾನ ಹೇಳಿದ್ದಕ್ಕಿಂತ 15–20 ಡಿಗ್ರಿ ಕಡಿಮೆ ಇಟ್ಟರೆ ಫ್ಯಾನಿನ ಗಾಳಿಗೆ ಮೇಲ್ಪದರ ಒಣಗುವುದಿಲ್ಲ.

ಬ್ರೆಡ್ಡಿಗೆ ಬಂದಾಗ ಮೂರು ಕಡೆ ಎಡವುತ್ತದೆ. ಎಷ್ಟೋ ಮಾದರಿಗಳ ಗರಿಷ್ಠ ಬಿಸಿ 200 ಡಿಗ್ರಿ. ಕೊಳ್ಳುವಾಗ 220 ಅಥವಾ ಅದಕ್ಕಿಂತ ಹೆಚ್ಚಿದೆಯೇ ಎಂದು ಓದಿ ನೋಡಿ. ಒಳಗಿನ ಗಾಜಿನ ತಟ್ಟೆ ದುಂಡಗೆ ತಿರುಗುವುದರಿಂದ ಉದ್ದನೆಯ ಬ್ರೆಡ್ ಟಿನ್ನು ಮೂಲೆಗೆ ಬಡಿದು ನಿಲ್ಲುತ್ತದೆ. ಪೆಟ್ಟಿಗೆ 28 ಲೀಟರಿನದಾದರೂ ಟಿನ್ನಿಗೆ ಸಿಗುವ ಜಾಗ ತಟ್ಟೆಯಷ್ಟೇ. ಬಿಸಿ ಕೆಳಗಿನಿಂದ ನೇರವಾಗಿ ಬರುವುದಿಲ್ಲವಾದ್ದರಿಂದ ಬ್ರೆಡ್ಡಿನ ತಳ ಬಿಳಿಯಾಗಿ, ತೇವವಾಗಿ ಉಳಿಯಬಹುದು. ಲೋಹದ ಟಿನ್ನು ಕನ್ವೆಕ್ಷನ್‌ನಲ್ಲಿ ನಡೆಯುತ್ತದೆ, ಮೈಕ್ರೋವೇವ್ ಮತ್ತು ಎರಡೂ ಬೆರೆತ ಕಾಂಬಿನೇಷನ್ ವಿಧಾನದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಮೂರು ಜನ ಬಳಸುವವರಿದ್ದರೆ ಇದನ್ನು ಎಲ್ಲರಿಗೂ ತಿಳಿಸಿ ಹೇಳಬೇಕು.

ಮಲೆನಾಡಿನ ಹಳ್ಳಿಗಳಿಗೆ ನಾನು ಇದನ್ನು ಸೂಚಿಸುವುದಿಲ್ಲ. ಇದರ ಮಿದುಳು ಎಲೆಕ್ಟ್ರಾನಿಕ್ ಬೋರ್ಡು. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ, ಕರೆಂಟು ಹೋಗಿ ಧಡಕ್ಕನೆ ಬರುವ ಹೊಡೆತಕ್ಕೆ ಮೊದಲು ಬಲಿಯಾಗುವುದು ಅದೇ. ಮೋಡ ಕವಿದರೆ ಪ್ಲಗ್ ಕೀಳಬೇಕು, ಸ್ಟೆಬಿಲೈಸರ್ ಬೇರೆ ಕೊಳ್ಳಬೇಕು. ಎರಡು ನಿಮಿಷ ಕರೆಂಟು ಹೋಗಿ ಬಂದರೂ ಬಹಳಷ್ಟು ಮಾದರಿಗಳು ಹಾಕಿಟ್ಟ ಸಮಯವನ್ನೂ ಡಿಗ್ರಿಯನ್ನೂ ಮರೆತು ಸುಮ್ಮನೆ ಕುಳಿತಿರುತ್ತವೆ. ನೀವು ತೋಟದಿಂದ ಬಂದು ನೋಡುವವರೆಗೆ ಕೇಕು ಅರೆಬೆಂದು ತಣ್ಣಗಾಗಿರುತ್ತದೆ. ಬೋರ್ಡು ಹೋದರೆ ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲಾಗದು, ಕಂಪನಿಯವರೇ ಬರಬೇಕು. ಕಳಸಕ್ಕೋ ಹೆತ್ತೂರಿಗೋ ಅವರು ಯಾವಾಗ ಬರುತ್ತಾರೆ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಏರ್ ಫ್ರೈಯರಿನ ಬಗ್ಗೆ ಈಚೆಗೆ ಕೇಳುವವರು ಹೆಚ್ಚು. ಈಗಾಗಲೇ ಮನೆಯಲ್ಲಿದ್ದರೆ ಆರಿಂಚಿನ ಟಿನ್ನಿನಲ್ಲಿ 150–160 ಡಿಗ್ರಿಗೆ ಚಿಕ್ಕ ಕೇಕು ಮಾಡಿ, ಚೆನ್ನಾಗಿರುತ್ತದೆ; ನಾಲ್ಕು ಬನ್ನೂ ಆಗುತ್ತವೆ. ಗಾಳಿಯ ಹೊಡೆತ ಮೇಲಿನಿಂದ ಬರುವುದರಿಂದ ಮೇಲೆ ಕಪ್ಪಾಗಿ ನಡುವೆ ಹಸಿ ಉಳಿಯದಂತೆ ನೋಡಿಕೊಳ್ಳಬೇಕು. ಬೇಕಿಂಗಿಗೆಂದೇ ಕೊಳ್ಳಲು ಹೊರಟಿದ್ದರೆ ಅದೇ ದುಡ್ಡಿಗೆ 20 ಲೀಟರಿನ ಒಟಿಜಿ ಬರುತ್ತದೆ.

ತೋಟದ ಮನೆಯವರಿಗೆ: ಗ್ಯಾಸ್ ಓವನ್ ಮತ್ತು ಸೌದೆ

ಕರೆಂಟನ್ನು ನಂಬಲೇ ಆಗದ, ಆದರೆ ಬ್ರೆಡ್ಡು ಬೇಕೇ ಬೇಕೆನ್ನುವ ಮನೆಗಳು ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಬೇಕಾದಷ್ಟಿವೆ. ಅಂಥವರು ನಾಲ್ಕು ಬರ್ನರಿನ ಕೆಳಗೆ ಓವನ್ ಇರುವ ಕುಕಿಂಗ್ ರೇಂಜನ್ನು ಯೋಚಿಸಬಹುದು. ದುಬಾರಿ, ಜಾಗವೂ ಬೇಕು. ಶಾಖ ಹೆಚ್ಚಾಗಿ ಕೆಳಗಿನಿಂದ ಬರುತ್ತದೆ, ಹಿಂಬದಿ ಮುಂಬದಿಗಿಂತ ಬಿಸಿಯಾಗಿರುತ್ತದೆ, ಹಾಗಾಗಿ ಅರ್ಧದಲ್ಲಿ ಟಿನ್ನನ್ನು ತಿರುಗಿಸಿಡಬೇಕು. ಗ್ಯಾಸ್ ಉರಿಯುವಾಗ ನೀರಾವಿಯೂ ಹುಟ್ಟುವುದರಿಂದ ಒಳಗಿನ ಗಾಳಿ ತೇವವಾಗಿರುತ್ತದೆ; ಕೇಕಿಗೂ ಬನ್ನಿಗೂ ಅದು ಒಳ್ಳೆಯದೇ, ಬಿಸ್ಕತ್ತು ಗರಿಗರಿಯಾಗಲು ತುಸು ಹೆಚ್ಚು ಹೊತ್ತು ಬೇಕು. ಉರಿ ಆರಿದರೆ ಗ್ಯಾಸ್ ತಾನಾಗಿ ನಿಲ್ಲುವ ಸುರಕ್ಷತಾ ಸಾಧನ ಇದೆಯೇ ಎಂದು ಕೇಳದೆ ಕೊಳ್ಳಬೇಡಿ.

ಡಿಸೆಂಬರಿನ ಪ್ಲಮ್ ಕೇಕಿಗೆ ಇದು ಎಲ್ಲಕ್ಕಿಂತ ನಿಶ್ಚಿಂತೆಯ ಆಯ್ಕೆ. ಒಣಹಣ್ಣು ತುಂಬಿದ ಆ ಭಾರದ ಕೇಕು 150 ಡಿಗ್ರಿಯಲ್ಲಿ ಒಂದೂವರೆ ಎರಡು ಗಂಟೆ ಬೇಯಬೇಕು. ಅಷ್ಟು ಹೊತ್ತು ಕರೆಂಟು ಅಲ್ಲಾಡದೆ ಇರುತ್ತದೆಂಬ ಭರವಸೆ ನಿಮ್ಮೂರಿನಲ್ಲಿದ್ದರೆ ನೀವು ಪುಣ್ಯವಂತರು.

ಸೌದೆ ಒಲೆ ಇನ್ನೂ ಉರಿಯುವ ಮನೆಗಳಲ್ಲಿ ದುಡ್ಡು ಖರ್ಚು ಮಾಡದೆ ಮೇಲಿನ ಶಾಖವನ್ನೂ ಪಡೆಯಬಹುದು. ದಪ್ಪ ಪಾತ್ರೆಗೆ ಚಪ್ಪಟೆ ಮುಚ್ಚಳ ಮುಚ್ಚಿ, ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೆ ಅದಕ್ಕಿಂತ ಹೆಚ್ಚು ಕೆಂಡ ಹಾಕುವುದು ಹಳೆಯ ಕ್ರಮ. ಕುಕ್ಕರಿನಲ್ಲಿ ಬಿಳಿಚುವ ಬನ್ನು ಇದರಲ್ಲಿ ಕೆಂಪಾಗುತ್ತದೆ. ಹಿತ್ತಲಲ್ಲಿ ಜಾಗವೂ, ಸಿಲ್ವರ್ ಓಕ್ ಸವರಿದ ಸೌದೆಯೂ ಇದ್ದವರು ಇಟ್ಟಿಗೆಯ ಗುಮ್ಮಟದ ಒಲೆ ಕಟ್ಟಿಸಿಕೊಳ್ಳುವುದುಂಟು. ಒಳಗೇ ಬೆಂಕಿ ಹಾಕಿ ಎರಡು ಮೂರು ಗಂಟೆ ಇಟ್ಟಿಗೆ ಕಾಯಿಸಿ, ಕೆಂಡ ಹೊರಗೆಳೆದು, ಮೊದಲು ಬ್ರೆಡ್ಡು, ಬಿಸಿ ಇಳಿದಂತೆ ಬನ್ನು, ಆಮೇಲೆ ಕೇಕು, ಕಡೆಗೆ ರಸ್ಕು. ರುಚಿಯಲ್ಲಿ ಇದನ್ನು ಮೀರಿಸುವ ಪೆಟ್ಟಿಗೆ ಯಾವ ಅಂಗಡಿಯಲ್ಲೂ ಇಲ್ಲ. ಆದರೆ ಒಂದು ಬ್ರೆಡ್ಡಿಗಾಗಿ ಹಚ್ಚುವ ಒಲೆಯಲ್ಲ ಇದು. ಮನೆ ತುಂಬ ಜನರಿದ್ದಾಗ, ನೆಂಟರು ಬಂದಾಗ ಮಾತ್ರ ಶ್ರಮಕ್ಕೆ ತಕ್ಕ ಫಲ. ಮಳೆಗಾಲಕ್ಕೆ ಮೇಲೆ ಮಾಡು ಬೇಕು, ಇಲ್ಲದಿದ್ದರೆ ತೇವ ಕುಡಿದ ಇಟ್ಟಿಗೆ ಬಿರುಕು ಬಿಡುತ್ತದೆ.

ನಿಮ್ಮ ಮನೆ ಯಾವುದು?

ಬಾಡಿಗೆ ಮನೆ, ಬಜೆಟ್ ಬಿಗಿ, ಕೇಕಿನ ಆಸೆ ಮಾತ್ರ: ಕುಕ್ಕರಿನಲ್ಲೇ ಒಂದು ವರ್ಷ ಕಳೆಯಿರಿ. ಉಳಿದ ಹಣದಲ್ಲಿ ಡಿಜಿಟಲ್ ತೂಕದ ಯಂತ್ರ ಕೊಳ್ಳಿ, ಓವನ್ನಿಗಿಂತ ಹೆಚ್ಚು ಪ್ರಯೋಜನ ಅದರಿಂದ. ಲೋಟದಲ್ಲಿ ಅಳೆದ ಮೈದಾ ಪ್ರತಿಸಲವೂ ಬೇರೆ ತೂಕ ಬರುತ್ತದೆ.

ಹಾಸನ, ಚಿಕ್ಕಮಗಳೂರು, ಅರಸೀಕೆರೆ, ಚನ್ನರಾಯಪಟ್ಟಣದಂಥ ಪೇಟೆಯಲ್ಲಿ, ಕರೆಂಟು ಸುಮಾರಾಗಿ ನಿಲ್ಲುವ ಮನೆಯಲ್ಲಿ, ಬ್ರೆಡ್ಡೂ ಬನ್ನೂ ಕೇಕೂ ಎಲ್ಲವೂ ಬೇಕು ಎನ್ನುವವರಿಗೆ ನನ್ನ ಉತ್ತರ 28–30 ಲೀಟರಿನ ಸಾದಾ ಒಟಿಜಿ. ಹೆಚ್ಚು ಯೋಚಿಸುವ ಅಗತ್ಯವಿಲ್ಲ. ಮೈಕ್ರೋವೇವ್ ಬೇಕೇಬೇಕೆಂದು ಮನೆಯಲ್ಲಿ ಹಟವಿದ್ದರೆ, ಹದಿನೈದು ಸಾವಿರದ ಕನ್ವೆಕ್ಷನ್ ಒಂದರ ಬದಲು ಬಿಸಿ ಮಾಡಲು ಒಂದು ಸಾದಾ ಮೈಕ್ರೋವೇವ್, ಬೇಯಿಸಲು ಒಂದು ಒಟಿಜಿ ಕೊಂಡರೆ ಹೆಚ್ಚುಕಡಿಮೆ ಅಷ್ಟೇ ದುಡ್ಡಿನಲ್ಲಿ ಎರಡು ಕೆಲಸವೂ ಸರಿಯಾಗಿ ನಡೆಯುತ್ತವೆ. ಕಟ್ಟೆಯ ಮೇಲೆ ಜಾಗವಿರಬೇಕು ಅಷ್ಟೇ.

ಮಾರುವ ಉದ್ದೇಶದವರು 45–60 ಲೀಟರಿನ ಕಡೆ ನೋಡಬೇಕು, ಒಮ್ಮೆಗೆ ಎರಡು ಟಿನ್ನು ಹಿಡಿಯಬೇಕು. ಕರೆಂಟು ಹೋದರೆ ಆರ್ಡರ್ ತಪ್ಪುವುದು ಇವರಿಗೇ, ಹಾಗಾಗಿ ಪಕ್ಕದಲ್ಲಿ ಗ್ಯಾಸಿನ ವ್ಯವಸ್ಥೆ ಇಟ್ಟುಕೊಳ್ಳುವುದು ಜಾಣತನ. ಮನೆಯಿಂದ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಲೇಬೇಕು.

ಯಾವುದನ್ನೇ ಕೊಂಡರೂ ಇಲ್ಲಿನ ಹವೆ ತನ್ನ ಪಾಲು ಕೇಳುತ್ತದೆ. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್, ಹಾಸನ ಸುಮಾರು 970 ಮೀಟರ್ ಎತ್ತರದಲ್ಲಿವೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಕೇಕು ಬೇಗ ಉಬ್ಬಿ ನಡುವೆ ಕುಸಿಯುವ ಸಂಭವ ಕರಾವಳಿಗಿಂತ ಹೆಚ್ಚು. ಟೀ ಚಮಚವೊಂದಕ್ಕೆ ಎಂಟನೇ ಒಂದು ಭಾಗ ಬೇಕಿಂಗ್ ಪೌಡರ್ ಕಡಿಮೆ ಮಾಡಿ ನೋಡಿ. ಡಿಸೆಂಬರಿನ ಚಳಿಯಲ್ಲಿ ಬ್ರೆಡ್ ಹಿಟ್ಟು ಮಂಗಳೂರಿನವರು ಹೇಳುವ ಒಂದು ಗಂಟೆಯಲ್ಲಿ ಉಬ್ಬುವುದಿಲ್ಲ, ಎರಡೂವರೆ ಮೂರು ಗಂಟೆ ಕಾಯಬೇಕಾದೀತು. ಒಳಗೆ ದೀಪವಿರುವ ಒಟಿಜಿ ಕೊಂಡರೆ, ದೀಪ ಮಾತ್ರ ಹಚ್ಚಿ, ಒಂದು ಲೋಟ ಬಿಸಿನೀರಿನ ಜೊತೆ ಹಿಟ್ಟನ್ನು ಒಳಗಿಟ್ಟು ಬಾಗಿಲು ಮುಚ್ಚಿದರೆ ಬೆಚ್ಚಗಿನ ಗೂಡಾಗುತ್ತದೆ. ಹಿಟ್ಟನ್ನು ಹೊರತೆಗೆದ ಮೇಲೆಯೇ ರಾಡು ಹಚ್ಚಿ ಕಾಯಿಸಬೇಕು. ಆಗಸ್ಟಿನ ಥಂಡಿಯಲ್ಲಿ ಯೀಸ್ಟಿನ ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲೇ ಇರಲಿ.

ಅಂಗಡಿಗೆ ಹೋಗುವಾಗ ನಿಮ್ಮ ಬ್ರೆಡ್ ಟಿನ್ನನ್ನೂ ದೊಡ್ಡ ಕೇಕ್ ಟಿನ್ನನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಬಾಗಿಲು ತೆರೆದು ಒಳಗಿಟ್ಟು ನೋಡಿ: ಬ್ರೆಡ್ ಟಿನ್ನಿನ ಅಂಚಿನಿಂದ ಮೇಲಿನ ರಾಡಿಗೆ ಕನಿಷ್ಠ ನಾಲ್ಕು ಬೆರಳಿನಷ್ಟು ಅಂತರವಿಲ್ಲದಿದ್ದರೆ ಮುಂದಿನ ಗಾತ್ರ ಕೇಳಿ. ಬಾಗಿಲು ಬಿಗಿಯಾಗಿ ಮುಚ್ಚುತ್ತದೆಯೇ, ಐಎಸ್‌ಐ ಗುರುತಿದೆಯೇ, ಬಿಲ್ಲಿನ ಜೊತೆ ವಾರಂಟಿ ಕಾರ್ಡಿಗೆ ಮೊಹರು ಬಿದ್ದಿದೆಯೇ ನೋಡಿಕೊಳ್ಳಿ. ಮನೆಗೆ ತಂದ ದಿನವೇ ಕೇಕು ಇಡುವ ಅವಸರ ಬೇಡ. ಕಿಟಕಿ ತೆರೆದಿಟ್ಟು, ಖಾಲಿ ಓವನ್ನನ್ನು ಪೂರ್ತಿ ಬಿಸಿಗೆ ತಿರುಗಿಸಿ ಹದಿನೈದು ಇಪ್ಪತ್ತು ನಿಮಿಷ ಉರಿಸಿ. ಕಾರ್ಖಾನೆಯಲ್ಲಿ ರಾಡಿಗೆ ಸವರಿದ ಎಣ್ಣೆ ಹೊಗೆಯಾಗಿ ಹೋಗುತ್ತದೆ, ವಾಸನೆಯೂ ಬರುತ್ತದೆ. ಗಾಬರಿಯಾಗಿ ಅಂಗಡಿಗೆ ಫೋನು ಮಾಡಬೇಕಿಲ್ಲ. ಆರಿದ ಮೇಲೆ ಒದ್ದೆ ಬಟ್ಟೆಯಿಂದ ಒಳಗೆ ಒರೆಸಿ, ಮರುದಿನ ಬನ್ನಿನಿಂದ ಶುರು ಮಾಡಿ.